ಯಾವ ಹೊತ್ತಿಗೆ ಯಾವ ಯೋಗ: ಶೈಲಿಗಳನ್ನು ದಿನಚರಿಯೊಳಗೆ ಕೂರಿಸುವ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಯೋಗದ ಮ್ಯಾಟ್ ಆರು ವಾರ ನೆಲದ ಮೇಲಿತ್ತು, ಆಮೇಲೆ ಎರಡು ವರ್ಷ ಬಾಗಿಲ ಹಿಂದೆ ಸುರುಳಿ ಸುತ್ತಿಕೊಂಡು ನಿಂತಿತ್ತು. ಸಂಜೆ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆ ಸೇರುತ್ತಿದ್ದ ನಾನು ಬೆಳಗಿನ ಐದೂವರೆಯ ತರಗತಿಗೆ ಹೆಸರು ಕೊಟ್ಟಿದ್ದೆ. ಅದೂ ಎಂಥ ತರಗತಿ! ಉಸಿರಿಗೊಂದು ಚಲನೆಯಂತೆ 90 ನಿಮಿಷ ಬಿಡುವಿಲ್ಲದೆ ಸಾಗುವ ಅಷ್ಟಾಂಗ ವಿನ್ಯಾಸ. ಮೂರನೆಯ ವಾರ ಮಣಿಕಟ್ಟು ನೋವು, ಐದನೆಯ ವಾರ ನಿದ್ದೆಗೇಡು, ಏಳನೆಯ ವಾರ ಅತ್ತ ಸುಳಿಯಲೇ ಇಲ್ಲ. ನಾನು ಸೋಮಾರಿ ಎಂದು ಬಹಳ ದಿನ ನನ್ನನ್ನೇ ಬೈದುಕೊಂಡೆ. ಆ ಶೈಲಿಗೂ ನನ್ನ ಆಗಿನ ದಿನಕ್ಕೂ ಜಾತಕ ಕೂಡುತ್ತಿರಲಿಲ್ಲ ಎಂಬುದು ಹೊಳೆದದ್ದು ಆಮೇಲೆ.

ಸ್ವಾತ್ಮಾರಾಮ 15ನೇ ಶತಮಾನದಲ್ಲಿ ರಚಿಸಿದ ‘ಹಠಯೋಗಪ್ರದೀಪಿಕೆ’ ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನು ಹೆಸರಿಸುತ್ತದೆ: ಅತಿಯಾದ ಊಟ, ಅತಿಯಾದ ಶ್ರಮ, ಹರಟೆ, ನಿಯಮಾಗ್ರಹ, ಜನಸಂಗ, ಚಂಚಲತೆ. ನನ್ನ ಕಣ್ಣು ನಿಂತದ್ದು ನಿಯಮಾಗ್ರಹದ ಮೇಲೆ. ವ್ಯಾಖ್ಯಾನಕಾರ ಬ್ರಹ್ಮಾನಂದ ಇದಕ್ಕೆ ಬೆಳಗ್ಗೆಯೇ ತಣ್ಣೀರ ಸ್ನಾನ, ಬರೀ ಹಣ್ಣು ತಿಂದಿರುವುದು ಮುಂತಾದ ಹಟಗಳನ್ನು ಉದಾಹರಿಸುತ್ತಾನೆ. ‘ಬ್ರಾಹ್ಮೀ ಮುಹೂರ್ತದಲ್ಲೇ ಮಾಡಬೇಕು, ಒಂದು ಗಂಟೆಗೆ ಕಡಿಮೆ ಮಾಡಿದರೆ ಲೆಕ್ಕಕ್ಕಿಲ್ಲ’ ಎನ್ನುವವರಿಗೆ ಈ ಶ್ಲೋಕ ತೋರಿಸಬಹುದು.

ಹಂತ 1: ಮೊದಲ ವಾರ ಆಸನ ಬೇಡ, ಗಡಿಯಾರ ನೋಡಿ

ಒಂದು ಹಾಳೆ ತೆಗೆದುಕೊಂಡು ಏಳು ದಿನ ಮೂರು ವಿಷಯ ಬರೆಯಿರಿ. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಏಳದೆ ಕೂತಿದ್ದೆ? ಮೈಯ ಯಾವ ಭಾಗ ಯಾವಾಗ ಬಿಗಿಯಿತು? ಯಾರೂ ಕರೆಯದ, ಯಾವುದೂ ಕಾಯದ ಹತ್ತು ನಿಮಿಷ ಎಲ್ಲಿ ಸಿಕ್ಕಿತು? ನನ್ನ ಹಾಳೆಯಲ್ಲಿ ಆ ಹತ್ತು ನಿಮಿಷ ವಾಸ್ತವವಾಗಿ ಇಪ್ಪತ್ತಿತ್ತು. ಮನೆಗೆ ಬಂದು ಚೀಲ ಇಳಿಸಿದ ಮೇಲೆ ಮುಖ ತೊಳೆಯುವ ಮೊದಲು ಮೊಬೈಲ್ ಹಿಡಿದು ಕುಕ್ಕರಿಸುತ್ತಿದ್ದ ಹೊತ್ತು ಅದು. ಎಷ್ಟೋ ವರ್ಷಗಳಿಂದ ಹಾಗೆ ಕೂರುತ್ತಿದ್ದೆ, ಬರೆದ ಮೇಲಷ್ಟೇ ಕಂಡಿತು.

ಸಿಕ್ಕ ಹೊತ್ತನ್ನು ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಗಂಟು ಹಾಕಿ. ‘ಬೆಳಗ್ಗೆ ಆರಕ್ಕೆ’ ಎಂದುಕೊಂಡರೆ ಆರೂ ಕಾಲಿಗೆ ಎದ್ದ ದಿನ ಎಲ್ಲವೂ ಕೈಬಿಟ್ಟುಹೋಗುತ್ತದೆ. ‘ಹಲ್ಲುಜ್ಜಿದ ಕೂಡಲೇ’ ಎಂದುಕೊಂಡರೆ ಯಾವಾಗ ಎದ್ದರೂ ನಡೆಯುತ್ತದೆ.

ಇದೇ ವಾರ ಇನ್ನೊಂದು ಕೆಲಸ. ರಕ್ತದೊತ್ತಡ, ಹೃದಯದ ತೊಂದರೆ, ಗ್ಲಾಕೋಮಾ, ಡಿಸ್ಕ್ ಜಾರಿರುವುದು, ಮೂಳೆ ಸವೆತ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಧಾರಣೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಗ್ಲಾಕೋಮಾ ಇರುವವರಿಗೆ ಶೀರ್ಷಾಸನ ಸಲ್ಲದು, ತಲೆ ಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಗರ್ಭಿಣಿಯರು ಹೊಟ್ಟೆಯ ಮೇಲೆ ಮಲಗುವ ಆಸನ, ಉಸಿರು ಬಿಗಿಹಿಡಿಯುವ ಕುಂಭಕ ಮತ್ತು ಹೊಟ್ಟೆ ಒಳಗೆಳೆಯುತ್ತ ರಭಸದಿಂದ ಉಸಿರು ಹೊರದೂಡುವ ಕಪಾಲಭಾತಿಯಿಂದ ದೂರವಿರಬೇಕು.

ಹಂತ 2: ಶೈಲಿಗಳ ಕುಲಗೋತ್ರ ತಿಳಿಯಿರಿ

ಪತಂಜಲಿಯ ಯೋಗಸೂತ್ರಗಳು ಸುಮಾರು 195. ಅವುಗಳಲ್ಲಿ ಆಸನದ ಬಗ್ಗೆ ಇರುವುದು ಮೂರೇ ಮೂರು. ಅವುಗಳಲ್ಲಿ ಮೊದಲನೆಯದು ‘ಸ್ಥಿರಸುಖಮಾಸನಮ್’: ಅಲುಗಾಡದೆ, ಹಿತವಾಗಿ ಕೂರುವುದು ಆಸನ. ಹಠಯೋಗಪ್ರದೀಪಿಕೆ ವಿವರಿಸುವ ಆಸನಗಳು 15, ಹಠಯೋಗದ ಇನ್ನೊಂದು ಹಳೆಯ ಗ್ರಂಥವಾದ ಘೇರಂಡ ಸಂಹಿತೆಯಲ್ಲಿ 32. ಇಂದು ತರಗತಿಗಳ ಬಾಗಿಲಲ್ಲಿ ಕಾಣುವ ಶೈಲಿಗಳ ಹೆಸರುಗಳಲ್ಲಿ ಹೆಚ್ಚಿನವು ಕಳೆದ ನೂರು ವರ್ಷಗಳ ಕೂಸುಗಳು, ಮತ್ತು ಅವುಗಳಲ್ಲಿ ಹಲವು ಒಂದೇ ಮನೆಯಿಂದ ಹೊರಟವು.

ಆ ಮನೆ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಅಲ್ಲಿ ಪಾಠ ಹೇಳಿದವರು ತಿರುಮಲೈ ಕೃಷ್ಣಮಾಚಾರ್ಯರು. ಅವರ ‘ಯೋಗ ಮಕರಂದ’ 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿ. ಪಟ್ಟಾಭಿ ಜೋಯಿಸರು, ಬಿ.ಕೆ.ಎಸ್. ಅಯ್ಯಂಗಾರ್, ಇಂದ್ರಾ ದೇವಿ, ಮಗ ಟಿ.ಕೆ.ವಿ. ದೇಶಿಕಾಚಾರ್ ಎಲ್ಲರೂ ಅವರ ಶಿಷ್ಯರೇ. ಒಬ್ಬ ಗುರುವಿನಿಂದ ಇಷ್ಟು ಭಿನ್ನವಾದ ಕವಲುಗಳು ಒಡೆದವು ಎಂದರೆ ಆತ ಎದುರಿಗಿದ್ದವರ ಮೈ ನೋಡಿ ಪಾಠ ಕೊಡುತ್ತಿದ್ದರೇ ಹೊರತು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುತ್ತಿರಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಜೋಯಿಸರು 1948ರಲ್ಲಿ ಮೈಸೂರಿನಲ್ಲಿ ಸ್ವಂತ ಸಂಸ್ಥೆ ಕಟ್ಟಿ ಬೆಳೆಸಿದ್ದು ಅಷ್ಟಾಂಗ ವಿನ್ಯಾಸ. ಆಸನಗಳ ಅನುಕ್ರಮ ಕಟ್ಟುನಿಟ್ಟು. ಮೊದಲ ಸರಣಿಗೆ ‘ಯೋಗಚಿಕಿತ್ಸೆ’ ಎಂದು ಹೆಸರು. ಮೈಸೂರು ಶೈಲಿಯ ತರಗತಿಯಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಪ್ರತಿಯೊಬ್ಬರೂ ತಮ್ಮ ಉಸಿರಿನ ಲೆಕ್ಕದಲ್ಲಿ ತಾವು ಮಾಡುತ್ತಾರೆ, ಒಂದು ಆಸನ ಪಕ್ವವಾದ ಮೇಲಷ್ಟೇ ಗುರು ಮುಂದಿನದನ್ನು ಕೊಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗೆ ರಜೆ. ಕ್ರಮ ಬಾಯಿಪಾಠವಾದ ಮೇಲೆ ಎಲ್ಲಿ ಬೇಕಾದರೂ ಒಬ್ಬರೇ ಮಾಡಬಹುದು ಎಂಬುದು ಇದರ ದೊಡ್ಡ ಲಾಭ. ಆದರೆ ಎರಡು ಆಸನಗಳ ನಡುವೆ ಮತ್ತೆ ಮತ್ತೆ ಚತುರಂಗ ದಂಡಾಸನದ (ಅಂಗೈ, ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೆಲದ ಹತ್ತಿರ ತಗ್ಗಿಸಿ ಹಿಡಿಯುವ ಭಂಗಿ) ಮೂಲಕ ಹಾದುಹೋಗಬೇಕು. ಭುಜ ಗಟ್ಟಿಯಾಗಿರದವರ ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ, ನನ್ನದು ಕೆಟ್ಟದ್ದು ಹಾಗೆಯೇ. ಇಂದು ‘ವಿನ್ಯಾಸ’, ‘ಫ್ಲೋ’ ಎಂದು ನಡೆಯುವ ಬಹುಪಾಲು ತರಗತಿಗಳು ಇದರಿಂದಲೇ ಕವಲೊಡೆದವು, ಅಲ್ಲಿ ಆಸನಗಳ ಕ್ರಮ ಶಿಕ್ಷಕರ ಇಷ್ಟಕ್ಕೆ ಬಿಟ್ಟದ್ದು.

ಅಯ್ಯಂಗಾರರದು ಇನ್ನೊಂದು ದಾರಿ. ಬಾಲ್ಯದಲ್ಲಿ ಕ್ಷಯ, ಮಲೇರಿಯಾ, ಟೈಫಾಯಿಡ್ ಕಂಡ ನಿಶ್ಶಕ್ತ ಶರೀರ ಅವರದು. ಅದಕ್ಕೇ ಇರಬೇಕು, ಆಗದವರಿಗೂ ಆಸನ ಆಗುವಂತೆ ಮಾಡುವುದರಲ್ಲಿ ಅವರು ಪಳಗಿದರು. ಬೆಲ್ಟು, ಮರದ ಇಟ್ಟಿಗೆ, ಕಂಬಳಿ, ಕುರ್ಚಿ, ಗೋಡೆಯ ಹಗ್ಗ ಎಲ್ಲವೂ ಅಲ್ಲಿ ಆಸನದ ಭಾಗ. ಒಂದು ಭಂಗಿಯಲ್ಲಿ ಹೆಚ್ಚು ಹೊತ್ತು ನಿಂತು ಮೂಳೆ ಮೂಳೆಯ ಜೋಡಣೆ ಸರಿಪಡಿಸುತ್ತಾರೆ. ದಿನವಿಡೀ ಕೂತು ಕೆಲಸ ಮಾಡುವವರು ಮೊದಲ ವರ್ಷವನ್ನು ಇದಕ್ಕೆ ಕೊಡಲಿ ಎಂಬುದು ನನ್ನ ಪಕ್ಷಪಾತ. ಬೇಸರವೆನಿಸಬಹುದು, ಬೆವರೂ ಬಾರದಿರಬಹುದು. ಆದರೆ ಇಲ್ಲಿ ಕಲಿತ ನಿಲುವು ಮುಂದೆ ಯಾವ ಶೈಲಿಗೆ ಹೋದರೂ ಕಾಯುತ್ತದೆ.

ದೇಶಿಕಾಚಾರ್ ಹಾದಿಯಲ್ಲಿ ಉಸಿರು ಮುಂದೆ, ಮೈ ಹಿಂದೆ. ಕೈ ಎತ್ತುವಾಗ ಉಸಿರು ಒಳಗೆ, ಇಳಿಸುವಾಗ ಹೊರಗೆ. ಹೀಗೆ ನಾಲ್ಕಾರು ಬಾರಿ ಹೋಗಿಬಂದ ಮೇಲಷ್ಟೇ ಭಂಗಿಯಲ್ಲಿ ನಿಲ್ಲುವುದು. ಕಡಿಮೆ ಸಮಯವಿರುವವರಿಗೆ, ನಡುವಯಸ್ಸು ದಾಟಿದವರಿಗೆ ಇದು ಹೇಳಿ ಮಾಡಿಸಿದ್ದು.

ಮೈಸೂರಿನ ಹೊರಗೂ ಪರಂಪರೆಗಳಿವೆ. ಶಿವಾನಂದ ಪರಂಪರೆಯಲ್ಲಿ 12 ಮೂಲ ಆಸನ, ನಡುನಡುವೆ ಶವಾಸನ. ಬಿಹಾರದ ಮುಂಗೇರಿನ ಸತ್ಯಾನಂದ ಪರಂಪರೆಯ ಪವನಮುಕ್ತಾಸನ ಸರಣಿ ಕಾಲ್ಬೆರಳಿನಿಂದ ಹೊರಟು ಕತ್ತಿನವರೆಗೆ ಕೀಲುಗಳನ್ನು ಒಂದೊಂದಾಗಿ ಸಡಿಲಿಸುತ್ತದೆ. ನೋಡಲು ಮಕ್ಕಳಾಟದಂತಿದ್ದರೂ ಬಹುಕಾಲ ಅಲುಗದ ಮೈಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನಾನು ಕಂಡಿಲ್ಲ. ಅಂಗಾತ ಮಲಗಿ ಎಚ್ಚರದಲ್ಲೇ ಮೈಮನಸ್ಸು ಸಡಿಲಿಸುವ ಯೋಗನಿದ್ರೆಯ ಇಂದಿನ ರೂಪ ಹೆಚ್ಚಾಗಿ ಹರಡಿದ್ದೂ ಇಲ್ಲಿಂದಲೇ.

ಯಿನ್ ಯೋಗದಲ್ಲಿ ಸ್ನಾಯುಗಳನ್ನು ಸಡಿಲ ಬಿಟ್ಟು ಒಂದೊಂದು ಭಂಗಿಯಲ್ಲಿ ಮೂರರಿಂದ ಐದು ನಿಮಿಷ ಇರುತ್ತಾರೆ, ಸೊಂಟ ಮತ್ತು ತೊಡೆಯ ಬಿಗಿಗೆ ಒಳ್ಳೆಯದು. ಹುಟ್ಟಿನಿಂದಲೇ ಕೀಲುಗಳು ಅತಿಯಾಗಿ ಬಾಗುವವರು ಮಾತ್ರ ಇದರಲ್ಲಿ ಹುಷಾರಾಗಿರಬೇಕು. ರೆಸ್ಟೋರೇಟಿವ್ ಯೋಗ ಎಂದರೆ ದಿಂಬು, ಕಂಬಳಿಗಳ ಮೇಲೆ ಮೈಚೆಲ್ಲಿ ವಿಶ್ರಮಿಸುವುದು. ಸುಮಾರು 40 ಡಿಗ್ರಿ ಸೆಲ್ಸಿಯಸ್ ಕಾವಿನ ಕೋಣೆಯಲ್ಲಿ ಮಾಡುವ ಹಾಟ್ ಯೋಗ ದಿನಚರಿಯ ಮಾತಿಗೆ ಒಗ್ಗುವಂಥದ್ದಲ್ಲ. ಬಿಸಿಯಲ್ಲಿ ಮೈ ತನ್ನ ಮಿತಿ ಮೀರಿ ಬಾಗುತ್ತದೆ, ಪೆಟ್ಟು ಬಿದ್ದದ್ದು ತಣ್ಣಗಾದ ಮೇಲೆ ತಿಳಿಯುತ್ತದೆ. ಇನ್ನು ಫಲಕದ ಮೇಲೆ ‘ಹಠ’ ಎಂದಷ್ಟೇ ಇದ್ದರೆ ನಿಧಾನಗತಿಯ ಸಾಮಾನ್ಯ ಆಸನಗಳ ತರಗತಿ ಎಂದುಕೊಳ್ಳಬಹುದು. ಕನ್ನಡದ ಕಿವಿಗೆ ಆ ಹೆಸರು ಮೊಂಡುತನದಂತೆ ಕೇಳಿಸುತ್ತದೆ. ಸಂಸ್ಕೃತದಲ್ಲಿ ಬಲ ಎಂದರ್ಥ.

ಹಂತ 3: ಹೊತ್ತಿಗೂ ಶೈಲಿಗೂ ಗಂಟು ಹಾಕಿ

ಎರಡನೆಯ ಬಾರಿ ನಾನು ಕಲಿಯಲು ಹೋದದ್ದು ಒಬ್ಬ ಹಿರಿಯ ಶಿಕ್ಷಕಿಯ ಬಳಿ. ಆಸನ ತೋರಿಸುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: “ದಿನಕ್ಕೆ ಎಷ್ಟು ಗಂಟೆ ಕೂತಿರುತ್ತೀರಿ?” ಒಂಬತ್ತು ಎಂದೆ. “ಹಾಗಾದರೆ ನಿಮಗೆ ಕೂತು ಮಾಡುವ ಆಸನ ಸದ್ಯಕ್ಕೆ ಬೇಡ ಮೇಷ್ಟ್ರೇ,” ಎಂದರು. ನಾನು ಮೇಷ್ಟ್ರಲ್ಲ, ಅವರು ಎಲ್ಲರನ್ನೂ ಹಾಗೆಯೇ ಕರೆಯುತ್ತಿದ್ದರು. ಎರಡು ತಿಂಗಳು ನಿಲ್ಲುವ ಆಸನಗಳನ್ನಷ್ಟೇ ಮಾಡಿಸಿದರು.

ಬೆಳಗ್ಗೆ ಎದ್ದಾಗ ಬೆನ್ನು ಬಿಗಿದಿರುತ್ತದೆ. ರಾತ್ರಿ ಮಲಗಿದಾಗ ಕಶೇರುಕಗಳ ನಡುವಿನ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬಿರುವುದರಿಂದ ಎದ್ದ ಮೊದಲ ಗಂಟೆಯಲ್ಲಿ ಆಳವಾಗಿ ಮುಂದಕ್ಕೆ ಬಾಗುವುದು ಅವುಗಳಿಗೆ ಹೊರೆ. ಆದ್ದರಿಂದ ಬೆಳಗಿನ ಹೊತ್ತು ಸಿಕ್ಕವರು ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನಕ್ಕೆ ಆತುರ ಪಡಬೇಡಿ. ಮಾರ್ಜಾಲಾಸನ, ತಾಡಾಸನ, ಮಂಡಿ ಮಡಿಸಿಯೇ ಮಾಡುವ ನಿಧಾನದ ಸೂರ್ಯನಮಸ್ಕಾರ ಸಾಕು. ವಿನ್ಯಾಸದ ಚುರುಕು ಇಷ್ಟವಿರುವವರಿಗೂ ಬೆಳಗೇ ಸರಿ, ಆದರೆ ಹಿಂದಿನ ರಾತ್ರಿ ಏಳು ಗಂಟೆ ನಿದ್ದೆ ಆಗಿದ್ದರೆ ಮಾತ್ರ. ನಿದ್ದೆ ಕದ್ದು ಯೋಗ ಮಾಡುವುದು ನಷ್ಟದ ವ್ಯಾಪಾರ.

ಸಂಜೆ ಮೈ ಸಡಿಲವಾಗಿರುತ್ತದೆ, ಮನಸ್ಸು ಬಿಗಿದಿರುತ್ತದೆ. ಅಯ್ಯಂಗಾರ್ ಕ್ರಮದ ನಿಲ್ಲುವ ಆಸನಗಳು, ಮುಂಬಾಗು, ಯಿನ್ ಆ ಹೊತ್ತಿನವು. ಮಲಗುವ ಮುನ್ನ ಚುರುಕಿನ ಚಲನೆ, ಹಿಂದಕ್ಕೆ ಬಾಗುವ ದೊಡ್ಡ ಆಸನಗಳು ಬೇಡ, ಹಲವರಿಗೆ ನಿದ್ದೆಯೇ ಹಾರಿಹೋಗುತ್ತದೆ. ಹೊತ್ತು ಯಾವುದಾದರೂ ಹೊಟ್ಟೆ ತುಂಬ ಉಂಡ ಮೇಲೆ ಮೂರು ಗಂಟೆ ಕಳೆದಿರಲಿ.

ಹಂತ 4: 15 ನಿಮಿಷದ ತಿರುಳು

ಶೈಲಿ ಯಾವುದೇ ಇರಲಿ, ಮೊದಲ ನಾಲ್ಕು ವಾರ ಇದೊಂದನ್ನೇ ಮಾಡಿ.

ಮೊದಲ ನಿಮಿಷ ಕೂತು ಉಸಿರನ್ನು ಸುಮ್ಮನೆ ಗಮನಿಸಿ. ಆಮೇಲೆ ಅಂಗೈ ಮತ್ತು ಮಂಡಿಯೂರಿ ಮಾರ್ಜಾಲಾಸನ: ಉಸಿರು ತೆಗೆದುಕೊಳ್ಳುತ್ತ ಎದೆ ಮುಂದೆ, ಬಿಡುತ್ತ ಬೆನ್ನು ಗೂನು, ಎಂಟು ಬಾರಿ. ಮಂಡಿ ಒತ್ತಿದರೆ ಕೆಳಗೊಂದು ಮಡಿಸಿದ ಟವೆಲ್ ಇರಲಿ.

ಎದ್ದು ತಾಡಾಸನ. ಇಲ್ಲಿ ಸ್ವಲ್ಪ ತಡೆದು ನಿಲ್ಲೋಣ, ಏಕೆಂದರೆ ‘ಸುಮ್ಮನೆ ನಿಲ್ಲುವುದು’ ಎಂದು ಹೆಚ್ಚಿನವರು ದಾಟಿಬಿಡುವುದು ಇದನ್ನೇ. ಬರಿಗಾಲಲ್ಲಿ, ಪಾದಗಳ ನಡುವೆ ನಾಲ್ಕು ಬೆರಳು ಅಂತರವಿಟ್ಟು ನಿಲ್ಲಿ. ಕಾಲ್ಬೆರಳುಗಳನ್ನೆಲ್ಲ ಮೇಲೆತ್ತಿ, ಅಗಲಿಸಿ, ಕಿರುಬೆರಳಿನಿಂದ ಆರಂಭಿಸಿ ಒಂದೊಂದಾಗಿ ಇಳಿಸಲು ನೋಡಿ. ಮೊದಲ ವಾರ ಅವು ನಿಮ್ಮ ಮಾತು ಕೇಳುವುದಿಲ್ಲ, ಎಲ್ಲವೂ ಒಟ್ಟಿಗೇ ಬೀಳುತ್ತವೆ. ಈಗ ತೂಕ ಎಲ್ಲಿದೆ ನೋಡಿ. ಹಳೆಯ ಚಪ್ಪಲಿಯ ಹಿಮ್ಮಡಿ ಯಾವ ಮಗ್ಗುಲಿಗೆ ಸವೆದಿದೆಯೋ ತೂಕ ಅಲ್ಲೇ ಇರುತ್ತದೆ. ಹೊರ ಅಂಚಿನಲ್ಲಿದ್ದರೆ ಹೆಬ್ಬೆರಳ ಬುಡಕ್ಕೆ ಒಂದಿಷ್ಟು ದಾಟಿಸಿ. ತೊಡೆಯ ಮುಂಭಾಗ ಬಿಗಿ ಮಾಡಿ, ಮಂಡಿಚಿಪ್ಪು ತಾನೇ ಮೇಲೇರುತ್ತದೆ. ಮಂಡಿಯನ್ನು ಹಿಂದಕ್ಕೆ ತಳ್ಳಿ ಚಿಲಕ ಹಾಕಬೇಡಿ. ಬಾಲದ ಮೂಳೆ ನೆಲದ ಕಡೆಗೆ, ನೆತ್ತಿ ಸೂರಿನ ಕಡೆಗೆ. ಭುಜ ಕಿವಿಯಿಂದ ದೂರ. ಹೀಗೆ ಹತ್ತು ಉಸಿರು. ಸರಿಯಾಗಿ ನಿಂತರೆ ತೊಡೆ ನಡುಗುತ್ತದೆ.

ಮುಂದೆ ಗೋಡೆಯ ಬಳಿ ಅರ್ಧ ಅಧೋಮುಖ ಶ್ವಾನಾಸನ: ಸೊಂಟದ ಎತ್ತರಕ್ಕೆ ಅಂಗೈ ಊರಿ, ಹಿಂದೆ ನಡೆದು, ಮೈಯನ್ನು ಮೇಜಿನಂತೆ ಮಾಡಿ ಹತ್ತು ಉಸಿರು. ತೊಡೆಯ ಹಿಂಭಾಗ ಎಳೆದರೆ ಮಂಡಿ ಮಡಿಸಿ, ಬೆನ್ನು ನೇರವಿರುವುದು ಮುಖ್ಯ. ಅಲ್ಲಿಂದ ತ್ರಿಕೋನಾಸನ: ಕಾಲು ಅಗಲಿಸಿ ನಿಂತು, ಮೈಯನ್ನು ಮಗ್ಗುಲಿಗೆ ಬಾಗಿಸಿ, ಒಂದು ಕೈ ಕೆಳಗೆ, ಇನ್ನೊಂದು ಮೇಲೆ, ಎರಡೂ ಕಡೆ ಐದೈದು ಉಸಿರು. ಕೈ ನೆಲಕ್ಕೆ ಮುಟ್ಟಲೇಬೇಕೆಂಬ ಆಸೆ ಬಿಡಿ, ಮೀನಖಂಡವೋ ಕುರ್ಚಿಯೋ ಸಾಕು. ಬೆನ್ನಿಗೆ ಗೋಡೆ ಇದ್ದರೆ ಮೈ ಮುಂದಕ್ಕೆ ವಾಲುವುದು ತಕ್ಷಣ ಗೊತ್ತಾಗುತ್ತದೆ.

ಕೊನೆಗೆ ಅಂಗಾತ ಮಲಗಿ, ಮಂಡಿ ಮಡಿಸಿ ಪಾದ ಊರಿ ಸೊಂಟ ಮೇಲೆತ್ತುವ ಸೇತುಬಂಧಾಸನ ಆರು ಬಾರಿ, ಮಂಡಿಗಳನ್ನು ಎಡಕ್ಕೂ ಬಲಕ್ಕೂ ಇಳಿಸುವ ತಿರುಚು, ಆಮೇಲೆ ಮೂರು ನಿಮಿಷ ಶವಾಸನ. ಸಮಯವಿಲ್ಲವೆಂದು ಬೇರೆ ಯಾವುದನ್ನಾದರೂ ಕತ್ತರಿಸಿ, ಶವಾಸನವನ್ನು ಬೇಡ. ಏಳುವಾಗ ನೇರವಾಗಿ ಎದ್ದು ಕೂರದೆ ಮಗ್ಗುಲಾಗಿ, ಕೈ ಊರಿ ಏಳಿ.

ಹಂತ 5: ಉಳಿದ ದಿನದ ಬಿರುಕುಗಳಲ್ಲಿ

ಕುರ್ಚಿಯಲ್ಲಿ ಕೂತವರು ಒಂದು ಗಂಟೆಗೊಮ್ಮೆ ಮುಂದಿನ ಅಂಚಿಗೆ ಸರಿದು, ಪಾದ ನೆಲಕ್ಕೂರಿ, ಉಸಿರು ಬಿಡುತ್ತ ಬೆನ್ನಾಸರೆ ಹಿಡಿದು ತಿರುಗಿ. ತಿರುಚು ಹೊಕ್ಕುಳದ ಬಳಿ ಆರಂಭವಾಗಿ ಕೊನೆಗೆ ಕತ್ತಿಗೆ ಬರಲಿ. ಕತ್ತಿನಿಂದ ಆರಂಭಿಸಿದರೆ ಅಲ್ಲಿಗೇ ಮುಗಿಯುತ್ತದೆ. ಸಾಲಿನಲ್ಲಿ ಕಾಯುವಾಗ ತಾಡಾಸನ ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ. ಸಭೆಗೆ ಮುಂಚೆ ಎದೆ ಡವಗುಟ್ಟಿದರೆ ಮೂಗಿನಲ್ಲಿ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ, ಹನ್ನೆರಡು ಬಾರಿ. ಬಿಡುವ ಉಸಿರು ಉದ್ದವಾದರೆ ಹೃದಯದ ಬಡಿತ ನಿಧಾನವಾಗುತ್ತದೆ. ರಾತ್ರಿ ಗೋಡೆಗೆ ಕಾಲು ಚಾಚಿ ಮಲಗುವ ವಿಪರೀತ ಕರಣಿ ಐದು ನಿಮಿಷ, ದಿನವಿಡೀ ನಿಂತು ಕೆಲಸ ಮಾಡುವವರಿಗೆ ಇದು ವರ.

ಹಂತ 6: ಹೆಚ್ಚಿಸುವುದು, ತಪ್ಪುವುದು

ನಾಲ್ಕು ವಾರ ಕಳೆದು, ತಪ್ಪಿದ ದಿನಗಳು ಆರಕ್ಕಿಂತ ಕಡಿಮೆ ಇದ್ದರೆ ವಾರಕ್ಕೊಂದು ದಿನ ಪೂರ್ತಿ ತರಗತಿ ಸೇರಿಸಿ. ಐದು ದಿನ ಮನೆಯ 15 ನಿಮಿಷ, ಒಂದು ದಿನ ತರಗತಿ, ಒಂದು ದಿನ ಬಿಡುವು. ಹೊಸ ಶೈಲಿಯನ್ನು ಪರೀಕ್ಷಿಸುವುದಿದ್ದರೆ ಆ ಒಂದು ದಿನದಲ್ಲೇ ಪರೀಕ್ಷಿಸಿ, ಮನೆಯ ತಿರುಳನ್ನು ಮುಟ್ಟಬೇಡಿ. ಮೂರು ತರಗತಿ ನೋಡದೆ ಯಾವ ಶೈಲಿಯನ್ನೂ ತಳ್ಳಿಹಾಕಬೇಡಿ. ಮೊದಲನೆಯದರಲ್ಲಿ ಬಲ ಎಡವೇ ತಿಳಿಯುವುದಿಲ್ಲ.

ತಪ್ಪುವ ದಿನ ಬಂದೇ ಬರುತ್ತದೆ. ಅದಕ್ಕೆಂದೇ ಒಂದು ಕನಿಷ್ಠ ಪಾಠ ಇಟ್ಟುಕೊಂಡಿದ್ದೇನೆ: ತಾಡಾಸನದಲ್ಲಿ ಆರು ಉಸಿರು. ಪ್ರಯಾಣದಲ್ಲಿ, ಮನೆ ತುಂಬ ಜನರಿದ್ದಾಗ, ಮಗು ಅಳುತ್ತಿದ್ದಾಗಲೂ ಇದು ಆಗುತ್ತದೆ. ಜ್ವರವಿದ್ದರೆ ಅದೂ ಬೇಡ, ಮಲಗಿ.

ನೋವಿನ ಭಾಷೆ ಕಲಿಯಿರಿ. ಸ್ನಾಯುವಿನ ನಡುವೆ ಮಂದವಾಗಿ ಎಳೆಯುವುದು ಸಹಜ. ಕೀಲಿನೊಳಗೆ ಚುಚ್ಚಿದರೆ, ಒಂದೇ ಬಿಂದುವಿನಲ್ಲಿ ಚುಳುಕ್ಕೆಂದರೆ, ಜುಮ್ಮೆಂದರೆ, ಮರಗಟ್ಟಿದರೆ ಆ ಕ್ಷಣವೇ ಹೊರಬನ್ನಿ. ಮುಂದಕ್ಕೆ ಬಾಗಿದಾಗ ಕೂರುವ ಮೂಳೆಯ ಬುಡದಲ್ಲೇ ನೋವೆದ್ದರೆ ತೊಡೆಯ ಹಿಂದಿನ ಸ್ನಾಯು ಮೂಳೆಗೆ ಅಂಟುವ ಜಾಗ ನವೆಯುತ್ತಿದೆ ಎಂದರ್ಥ. ಮಂಡಿ ಮಡಿಸಿ, ಬಾಗುವುದನ್ನು ಅರ್ಧಕ್ಕಿಳಿಸಿ. ಪದ್ಮಾಸನದಲ್ಲಿ ಮಂಡಿ ನೊಂದರೆ ತಪ್ಪು ಸೊಂಟದ ಕೀಲಿನದು. ಅದು ಹೊರಳದಿದ್ದಾಗ ಆ ತಿರುವನ್ನು ಮಂಡಿ ಹೊರಬೇಕಾಗುತ್ತದೆ, ಮಂಡಿಗೆ ಅದು ಒಗ್ಗದು. ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲೆ ಕೂರಿಸುವ ಸಾಹಸ ಬಿಟ್ಟುಬಿಡಿ.

ಹಂತ 7: ಶಿಕ್ಷಕರನ್ನು ಆರಿಸುವುದು

ಮೇಲಿನದ್ದನ್ನೆಲ್ಲ ಮನೆಯಲ್ಲಿ ಒಬ್ಬರೇ ಮಾಡಬಹುದು. ಶೀರ್ಷಾಸನ, ಸರ್ವಾಂಗಾಸನ, ಕುಂಭಕ, ವೇಗದ ಪ್ರಾಣಾಯಾಮಗಳನ್ನು ವಿಡಿಯೊ ನೋಡಿ ಕಲಿಯಬಾರದು. ಒಳ್ಳೆಯ ಶಿಕ್ಷಕರು ಮೊದಲ ದಿನವೇ ನಿಮ್ಮ ಹಳೆಯ ನೋವುಗಳನ್ನು ಕೇಳುತ್ತಾರೆ, ಆಗದವರಿಗೆ ಬದಲಿ ಭಂಗಿ ಕೊಡುತ್ತಾರೆ, ಮುಟ್ಟಿ ತಿದ್ದುವ ಮುನ್ನ ಒಪ್ಪಿಗೆ ಪಡೆಯುತ್ತಾರೆ. ಬೆನ್ನ ಮೇಲೆ ಭಾರ ಹಾಕಿ ಬಗ್ಗಿಸುವವರು, ನೋವನ್ನು ಪ್ರಗತಿ ಎಂದು ಹೊಗಳುವವರು ಸಿಕ್ಕರೆ ಕೊಟ್ಟ ಹಣದ ಆಸೆ ಬಿಟ್ಟು ಎದ್ದು ಬನ್ನಿ. ಹೊಸ ತರಗತಿಯಲ್ಲಿ ಮೊದಲ ದಿನ ಹಿಂದಿನ ಸಾಲಿನಲ್ಲಿ, ಗೋಡೆಯ ಪಕ್ಕ ಮ್ಯಾಟ್ ಹಾಸಿ: ಮುಂದಿನವರನ್ನು ನೋಡಿ ಮಾಡಬಹುದು, ಒಂಟಿ ಕಾಲಿನ ವೃಕ್ಷಾಸನ ಬಂದಾಗ ಗೋಡೆ ಕೈಗೆಟುಕುತ್ತದೆ.